ಮರವಿಲ್ಲದ ನೆರಳು

ಬೆಂಗಳೂರಿಗೆ ಬಂದ ಮೊದಲ ವಾರದಲ್ಲೇ ನನ್ನ ಕೈಗೆ ಸೂರ್ಯನನ್ನು ಕೊಟ್ಟರು. ಹೆಬ್ಬಾಳದಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿದ್ದ ಸಣ್ಣ ಡ್ರಾಯಿಂಗ್ ಆಫೀಸು ಅದು. ಕಂಪ್ಯೂಟರಿನಲ್ಲಿ ಬರೀ ಗೆರೆಯಾಗಿ ನಿಂತ ಮನೆಗಳಿಗೆ ಬಣ್ಣ ತುಂಬಿ, ನೆರಳು ಬೀಳಿಸುವುದು ನನ್ನ ಕೆಲಸ.

"ಸರ್, ಮನಿ ಮುಖ ಉತ್ತರಕ್ಕೈತ್ರಿ. ಬಿಸಿಲು ಯಾವ ಕಡಿಂದ ಬರ್ಬೇಕು?" ಎಂದು ಕೇಳಿದೆ.

ನಮ್ಮ ಸರ್ ತಲೆ ಎತ್ತಲೇ ಇಲ್ಲ. "ಗಿರಾಕಿ ರೋಡಲ್ಲಿ ನಿಂತ್ಕೊಂಡು ನೋಡ್ತಾನಲ್ಲಮ್ಮ, ಅವನ ಬೆನ್ನಿಂದ ಬರ್ಲಿ ಬಿಡು. ಎಲಿವೇಷನ್ ಹೊಳೀಬೇಕು ಅಷ್ಟೆ."

ಎಲಿವೇಷನ್ ಅಂದರೆ ಮನೆಯ ಮುಂಭಾಗ. ಅದು ಹೊಳೆಯಬೇಕೆಂದು ಸೂರ್ಯನನ್ನು ಮೌಸಿನಿಂದ ಎಳೆದು ಉತ್ತರ ದಿಕ್ಕಿನಲ್ಲಿ ನಿಲ್ಲಿಸಿದೆ. ಯಾರೂ ಏನೂ ಅನ್ನಲಿಲ್ಲ.

ನಾನು ಕೃಷ್ಣೆಯ ದಂಡೆಯವಳು. ಬಿಸಿಲಿನ ವಿಷಯದಲ್ಲಿ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅಪ್ಪ ತೀರಿಕೊಂಡಿದ್ದು ನಮ್ಮ ಹಳೆಯ ಊರಿನಲ್ಲಿ. ಅದಾದ ಕೆಲವು ವರ್ಷಕ್ಕೆ ಊರು ಅಣೆಕಟ್ಟಿನ ಹಿನ್ನೀರಿಗೆ ಹೋಯಿತು. ಅವ್ವ ಈಗ ಪುನರ್ವಸತಿ ಕೇಂದ್ರದಲ್ಲಿದ್ದಾಳೆ. ಅಲ್ಲಿ ಎಲ್ಲ ಮನೆಗಳೂ ಒಂದೇ ಥರ, ಬಂದ ನೆಂಟರು ಪಕ್ಕದ ಮನೆಗೆ ಹೋಗಿ ನೀರು ಕುಡಿದು ಬರುತ್ತಾರೆ. ನಮ್ಮ ಕಡೆ ಮನೆ ಕಟ್ಟಿಯಾದ ಮೇಲೆ ಸುಣ್ಣ ಬಳಿಯುತ್ತೇವೆ. ಇಲ್ಲಿ ಮೊದಲು ಬಣ್ಣ ನೋಡಿ ಆಮೇಲೆ ಮನೆ ಕಟ್ಟುತ್ತಾರೆ. ಕ್ರೀಮ್ ಗೋಡೆ, ಅದಕ್ಕೆ ಚಾಕೊಲೇಟ್ ಪಟ್ಟಿ. ಆಗಿನ ಕಾಲಕ್ಕೆ ಯಲಹಂಕದಿಂದ ಆರ್.ಟಿ. ನಗರದವರೆಗೆ ಎಲ್ಲರಿಗೂ ಅದೇ ಬೇಕಿತ್ತು.

ಕೊಡಿಗೇಹಳ್ಳಿಯಲ್ಲಿ ನನಗೊಂದು ಶೀಟ್ ಮನೆ ಸಿಕ್ಕಿತು. ಹಳೆಯ ಹೆಂಚಿನ ಮನೆಯ ಹಿತ್ತಲಿಗೆ ಅಂಟಿಕೊಂಡಿದ್ದ, ಸಿಮೆಂಟ್ ಶೀಟ್ ಹೊದೆಸಿದ ಒಂದೇ ಕೋಣೆ. ಮನೆಯ ಯಜಮಾನಿ ಅಕ್ಕಯ್ಯಮ್ಮ, ನನ್ನ ಬಾಯಲ್ಲಿ ಅಜ್ಜಿ. ಮಗ ಮುನಿರಾಜಪ್ಪ, ಸೊಸೆ, ಮೊಮ್ಮಕ್ಕಳು ಎಲ್ಲ ಮುಂದಿನ ಹೆಂಚಿನ ಮನೆಯಲ್ಲಿದ್ದರು. ಅವರ ಹೊಲವಿದ್ದ ಜಾಗದಲ್ಲಿ ಆಗಲೇ ಬಡಾವಣೆ ಎದ್ದಿತ್ತು. ಅಜ್ಜಿ ಮಾತ್ರ ಇನ್ನೂ "ಒಲದ್ ಕಡೀಕ್ ಓಗ್ಬತ್ತೀನಿ" ಎಂದು ಹೇಳಿ ಅಪಾರ್ಟ್‌ಮೆಂಟುಗಳ ನಡುವೆ ಒಂದು ಸುತ್ತು ಹಾಕಿ ಬರುತ್ತಿದ್ದಳು.

ಆ ಕೋಣೆಯಲ್ಲಿ ಮೊದಮೊದಲು ನಾನು ಅತ್ತಿದ್ದೇನೆ, ಸುಳ್ಳೇಕೆ ಹೇಳಲಿ. ನನ್ನ ಮಾತು ಕೇಳಿದವರೆಲ್ಲ "ಹುಬ್ಳಿನಾ?" ಎನ್ನುತ್ತಿದ್ದರು. ಅವರ ಲೆಕ್ಕದಲ್ಲಿ ತುಮಕೂರು ದಾಟಿದರೆ ಎಲ್ಲ ಹುಬ್ಬಳ್ಳಿಯೇ. ಮೊದಲ ಸಲ ಮುದ್ದೆ ಬಡಿಸಿದಾಗ ರೊಟ್ಟಿ ತಿನ್ನುವ ಅಭ್ಯಾಸದಲ್ಲಿ ಅಗಿಯುತ್ತ ಕೂತೆ. "ಅಗೀಬ್ಯಾಡ ಕಣವ್ವ, ನುಂಗು!" ಎಂದು ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನುಂಗಲು ಕಲಿತ ದಿನ ನಾನು ಊರಿಗೆ ಫೋನ್ ಮಾಡಿ ಅವ್ವನಿಗೆ ಹೇಳಿದೆ.

ಮನೆಯ ಮುಂದೆ, ರಸ್ತೆಯ ಕಡೆಗೆ, ಒಂದು ದೊಡ್ಡ ಹೊಂಗೆ ಮರವಿತ್ತು. ಅಜ್ಜಿಯ ಗಂಡ ಬದುಕಿರುವ ತನಕ ಅದರ ಬುಡದಲ್ಲೇ ಕೂರುತ್ತಿದ್ದರಂತೆ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತಾರಲ್ಲ, ಅವತ್ತು ಅಜ್ಜಿ ಮೊದಲು ಮರದ ಬುಡಕ್ಕೆ ನೀರು ಹಾಕಿ "ಬರ್ರಿ" ಎಂದು ಕರೆಯುತ್ತಿದ್ದಳು. ಆಮೇಲೆ ಎಡೆ ಇಟ್ಟ ಕೋಣೆಯ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಲ್ಲಬೇಕು. ಒಳಗೆ ಸತ್ತವರು ಉಣ್ಣುತ್ತಾರೆ.

ಆ ಮನೆಯನ್ನು ಕೆಡವಿ ನಾಲ್ಕು ಅಂತಸ್ತು ಕಟ್ಟಬೇಕೆಂದು ಮುನಿರಾಜಪ್ಪ ನಮ್ಮ ಆಫೀಸಿಗೇ ಬಂದ. ಅಜ್ಜಿ ಒಪ್ಪಿರಲಿಲ್ಲ. "ಕಲರ್ ಹಾಕಿ ತೋರ್ಸಿ ಸಾರ್, ಕಣ್ಣಾರೆ ನೋಡಿದ್ರೆ ಒಪ್ಕೋತಾಳೆ" ಎಂದ. ಕೆಲಸ ನನ್ನ ಪಾಲಿಗೇ ಬಂತು. ನಾನಿರುವ ಕೋಣೆಯ ಮೇಲೆ ನಾನೇ ಕ್ರೀಮ್ ಬಣ್ಣ ಬಳಿಯಲು ಕೂತೆ.

ಜಾಗದಲ್ಲಿ ಇರುವುದನ್ನೆಲ್ಲ ಮೊದಲು ಚಿತ್ರದಲ್ಲಿ ಬರೆದುಕೊಳ್ಳುವುದು ನಮ್ಮ ಪದ್ಧತಿ. ಹಾಗಾಗಿ ಹೊಂಗೆ ಮರವನ್ನೂ ಬರೆದಿದ್ದೆ. ಅದು ಎಲಿವೇಷನ್‌ಗೆ ಅಡ್ಡ ಬರುತ್ತಿತ್ತು, ಕಣ್ಣಿಗೆ ಕಾಣದ ಹಾಗೆ ಮಾಡಿದೆ. ಹಾಗೆ ಮಾಡಿದರೆ ಚಿತ್ರದಲ್ಲಿ ಮರ ಹೋಗುತ್ತದೆ, ಅದರ ನೆರಳು ಹೋಗುವುದಿಲ್ಲ. ನೆರಳನ್ನು ಬೇರೆಯಾಗಿ ತೆಗೆಯಬೇಕು. ನಾನು ಮರೆತೆ. ಹೊಸ ಗೋಡೆಯ ಮೇಲೆ ಎಲೆಯ ನೆರಳು ಎಷ್ಟು ಚೆಂದವಾಗಿ ಬಿದ್ದಿತ್ತೆಂದರೆ, ಅದು ಎಲ್ಲಿಂದ ಬಂತು ಎಂದು ನಾನೂ ಕೇಳಲಿಲ್ಲ, ನಮ್ಮ ಸರ್ ಕೂಡ ಕೇಳಲಿಲ್ಲ.

ಬಣ್ಣದ ಪ್ರಿಂಟನ್ನು ಅಜ್ಜಿಯ ಮನೆಯ ಜಗಲಿಯ ಮೇಲೆ ಹರಡಿದರು. ಅಜ್ಜಿ ಗೋಡೆ ನೋಡಲಿಲ್ಲ, ಬಾಲ್ಕನಿ ನೋಡಲಿಲ್ಲ. ನೆರಳಿನ ಮೇಲೆ ಕೈಯಾಡಿಸಿದಳು.

"ಮರ ಅಂಗೇ ಬಿಟ್ಟವ್ರೆ" ಎಂದಳು. "ಅಂಗಾದ್ರೆ ಸರಿ, ಕಟ್ಕಳ್ಳಿ."

ಮುನಿರಾಜಪ್ಪನ ಮುಖ ಅರಳಿತು. ಮರದ ಜಾಗದಲ್ಲಿ ಪಾರ್ಕಿಂಗ್ ಬರುತ್ತದೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಸುಮ್ಮನಿದ್ದರೆ ಆಗುತ್ತಿತ್ತು, ಆದರೆ ನನ್ನ ಬಾಯಿಗೆ ಬೀಗವಿಲ್ಲ.

"ಅಜ್ಜಿ, ನನ್ನ ಕಡಿಂದ ತಪ್ಪಾಗೇತ್ರಿ. ಮರ ಇಲ್ಲ. ನೆರಳಷ್ಟ ಉಳದೈತಿ."

"ಮರ ಇಲ್ದೆ ನೆಳ್ಳು ಎಂಗವ್ವ ಬಿದ್ದಾತು?"

ಮುನಿರಾಜಪ್ಪ ಪ್ರಿಂಟನ್ನು ತನ್ನ ಕಡೆಗೆ ಎಳೆದುಕೊಂಡ. "ಏನ್ರೀ ಇದು? ಮೊದ್ಲು ತೆಗೀರಿ ಅದನ್ನ. ಕಟ್ಟೋಕ್ ಮುಂಚೆನೇ ಮನೆ ಮೇಲೆ ಯಾರೋ ನಿಂತಂಗಿದೆ."

"ಯಾರೋ ಏನ್ಲಾ, ನಿಮ್ಮಪ್ಪನೆ" ಎಂದಳು ಅಜ್ಜಿ.

ಮಾರನೆಯ ದಿನ ಆಫೀಸಿನಲ್ಲಿ ನೆರಳನ್ನು ತೆಗೆದೆ. ಗೋಡೆ ಚೊಕ್ಕಟವಾಯಿತು. ನನಗೆ ಮಾತ್ರ ಅದು ಅಲ್ಲೇ ಕಾಣುತ್ತಿತ್ತು. ಗಂಗಾನಗರದ ಮನೆಗೆ ಬಣ್ಣ ಹಾಕಲಿ, ಶೆಟ್ಟಿಹಳ್ಳಿಯ ಮನೆಗೆ ಹಾಕಲಿ, ಮುಗಿಸುವ ಮೊದಲು ಗೋಡೆಯನ್ನು ಮತ್ತೆ ಮತ್ತೆ ನೋಡುವ ಚಟ ಹತ್ತಿತು. ಯಾರಾದರೂ ನಿಂತಿದ್ದಾರೆಯೇ ಎಂದು ನೋಡುತ್ತಿದ್ದೆ. ಹೆದರಿಕೆ ಆಗುತ್ತಿತ್ತು.

ಒಂದು ಸಂಜೆ ಅಜ್ಜಿ ಹಿತ್ತಲಿಗೆ ಬಂದು ನನ್ನ ಹೊಸ್ತಿಲ ಮೇಲೆ ಕೂತಳು. "ಅಮಾಸೆ ದಿನ ಮರ ನೋಡ್ಕಂಡೇ ಅವ್ರು ಬತ್ತಿದ್ದಿದ್ದು. ನಾಳೀಕೆ ಮನೆ ಎಂಗ್ ಗುರ್ತು ಇಡೀತಾರೆ? ಎಲ್ಲ ಬಿಲ್ಡಿಂಗೂ ಒಂದೇ ಥರ ಅವೆ." ಆಮೇಲೆ ನನ್ನನ್ನು ಕೇಳಿದಳು: "ನಿಮ್ಮಪ್ಪ ಎಲ್ಲೀಗ್ ಬತ್ತಾರವ್ವ?"

"ಊರ ನೀರಾಗ ಹೋತು ಅಜ್ಜಿ. ಎಲ್ಲಿಗೆ ಬರ್ತಾನೊ ನನಗ ಗೊತ್ತಿಲ್ಲ."

ಅಪ್ಪ ಸತ್ತ ಮೇಲೆ ಆ ಮಾತನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ನಾನು ಅಳುತ್ತಿದ್ದರೆ ಅಜ್ಜಿ ಸಮಾಧಾನ ಮಾಡಲಿಲ್ಲ, ಜೊತೆಗೆ ಕೂತಳು. ಕೊನೆಗೆ ಎದ್ದು ಸೆರಗು ಕೊಡವಿದಳು. "ಓಗ್ಲಿ, ಮಕ್ಳು ಕಟ್ಕಂಡ್ ಬದುಕ್ಲಿ. ಅವ್ರೇನು ಮೂಗ್ರಾ? ಯಾರ್ನಾದ್ರೂ ಕೇಳ್ಕಂಡ್ ಬತ್ತಾರೆ."

ಮನೆ ಬಿತ್ತು, ಮರವೂ ಬಿತ್ತು. ನಾನು ಗಂಗಾನಗರದಲ್ಲೊಂದು ಬಾಡಿಗೆ ಕೋಣೆಗೆ ಹೋದೆ. ಏರ್‌ಪೋರ್ಟ್ ರಸ್ತೆಯ ಮೇಲುಸೇತುವೆ ಮುಗಿಯುವ ಹೊತ್ತಿಗೆ ಮುನಿರಾಜಪ್ಪನ ಬಿಲ್ಡಿಂಗೂ ಮುಗಿದಿತ್ತು. ಕ್ರೀಮ್ ಗೋಡೆ, ಚಾಕೊಲೇಟ್ ಪಟ್ಟಿ, ಥೇಟ್ ನನ್ನ ಚಿತ್ರವೇ. ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಅಜ್ಜಿ ನನಗೂ ಹೇಳಿ ಕಳಿಸಿದಳು.

ಮೂರನೇ ಮಹಡಿಯಲ್ಲಿ ಎಡೆ ಇಟ್ಟು ಬಾಗಿಲು ಮುಂದೆ ಮಾಡಿದರು. ಎಲ್ಲರೂ ಲಿಫ್ಟಿನ ಮುಂದೆ ಇಕ್ಕಟ್ಟಿನಲ್ಲಿ ನಿಂತಿದ್ದರು. ಅಜ್ಜಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಎರಡು ಸಲ ಕೆಳಗೆ ಇಣುಕಿ ನೋಡಿದಳು. ಕೊನೆಗೆ ನನ್ನ ಕೈ ಹಿಡಿದಳು.

"ನೀನ್ ಕೆಳೀಕ್ ಓಗವ್ವ. ಅವ್ರಿಗೆ ಲಿಫ್ಟ್ ಗುಂಡಿ ಒತ್ತಾಕ್ ಬರಾಕಿಲ್ಲ."

ಮುನಿರಾಜಪ್ಪ ತಲೆ ತಗ್ಗಿಸಿದ. ನಾನು ಇಳಿದು ಹೋದೆ. ಮರವಿದ್ದ ಕಡೆ ಕಾರು ನಿಂತಿತ್ತು. ಅಜ್ಜಿಯ ಯಜಮಾನರು ಒಳಗೆ ಬರಲೆಂದು ಲಿಫ್ಟಿನ ಬಾಗಿಲನ್ನು ಕೈಯಿಂದ ತಡೆದು ಹಿಡಿದೆ. ಈಗ ಊರಿಗೆ ಹೋದರೆ "ಬೆಂಗಳೂರಾಕಿ ಬಂದ್ಲು" ಎನ್ನುತ್ತಾರೆ. ಇಲ್ಲಿ ನಾನಿನ್ನೂ ಹುಬ್ಬಳ್ಳಿಯವಳು. ಮುಳುಗಿದ ಮನೆಯ ಬಾಗಿಲಲ್ಲಿ ಅಪ್ಪನಿಗಾಗಿ ನಿಲ್ಲುವವರು ಯಾರೂ ಇಲ್ಲ. ಹೊಸ ಕೇಂದ್ರದ ಸಾಲುಮನೆಗಳಲ್ಲಿ ನಮ್ಮದು ಯಾವುದೆಂದು ಅವನಿಗೆ ಗೊತ್ತಿಲ್ಲ, ಮಗಳು ಗಂಗಾನಗರದಲ್ಲಿದ್ದಾಳೆಂದು ಅವನಿಗೆ ಹೇಳಿದವರೂ ಇಲ್ಲ.

"ಬಾ ಅಪ್ಪಾ" ಎಂದೆ, ನನಗೇ ಕೇಳಿಸದಷ್ಟು ಮೆಲ್ಲಗೆ.

ಮೂರನೇ ಮಹಡಿಯ ಗುಂಡಿ ಒತ್ತಿ, ಲಿಫ್ಟಿನ ಮೂಲೆಗೆ ಒತ್ತಿಕೊಂಡು ನಿಂತೆ. ಇಬ್ಬರಿಗೆ ಜಾಗ ಬೇಕಿತ್ತು.