ಚಿತ್ರ ನೋಡುವವರ ಚಿತ್ರ

“ಟೀಚರ್ ಬಂತ್!”

ಕುಂದಾಪುರದಲ್ಲಿ ನನ್ನ ಬಗ್ಗೆ ಕೇಳಿದ ಮೊದಲ ಮಾತು ಇದು. ಗದಗಿನಿಂದ ಹೊರಟು, ಘಟ್ಟದ ತಿರುವುಗಳನ್ನು ಇಳಿದು, ಟ್ರಂಕಿನೊಂದಿಗೆ ಬಾಡಿಗೆ ಮನೆಯ ಅಂಗಳದಲ್ಲಿ ನಿಂತಿದ್ದೆ. ಮನೆಯೊಡತಿ ಗಿರಿಜಕ್ಕ ಬೇಲಿಯಾಚೆಯವರಿಗೆ ಹೀಗೆ ಕೂಗಿ ಹೇಳಿದರು. ನಮ್ಮ ಕಡೆ ಮಳೆ ಬರುತ್ತದೆ, ಎಮ್ಮೆ ಬರುತ್ತದೆ, ಹೆಣ್ಣುಮಗಳು ಬರುತ್ತಾಳೆ. ಇಲ್ಲಿ ಅಜ್ಜಿಯೂ ‘ಬಂತ್’, ಮದುಮಗಳೂ ‘ಬಂತ್’, ಅದರಲ್ಲಿ ಅಗೌರವವೇನೂ ಇಲ್ಲ ಎಂದು ತಿಳಿಯಲು ಇಡೀ ಒಂದು ಮಳೆಗಾಲ ಬೇಕಾಯಿತು.

ರಾಜ್ಯ ಒಂದಾಗಿ ಕೆಲವು ವರ್ಷಗಳಾಗಿದ್ದವು. ಮುಂಬಯಿಗೆ ಸೇರಿದ್ದ ನಾವೂ ಮದ್ರಾಸಿಗೆ ಸೇರಿದ್ದ ಇವರೂ ಒಂದೇ ಸರಕಾರದ ಕೆಳಗೆ ಬಂದಿದ್ದೆವು. ಹಾಗಾಗಿಯೇ ನನಗೆ ಇಲ್ಲಿಯ ಶಾಲೆಯಲ್ಲಿ ಕೆಲಸ ಸಿಕ್ಕಿದ್ದು. ಆದರೆ ನನ್ನ ಕನ್ನಡಕ್ಕೆ ಮಕ್ಕಳು ನಗುತ್ತಿದ್ದರು, ಅವರ ಕನ್ನಡ ನನಗೆ ಅರ್ಥವಾಗುವಷ್ಟರಲ್ಲಿ ಓಡಿಹೋಗಿರುತ್ತಿತ್ತು. ಅವ್ವ ಕಟ್ಟಿಕೊಟ್ಟ ಜೋಳದ ಹಿಟ್ಟು ಇಲ್ಲಿಯ ತೇವಕ್ಕೆ ಮುಗ್ಗಿಹೋಯಿತು. “ಎಂತ ಟೀಚರೇ, ಗಂಜಿ ಉಂಡಾಯ್ತಾ?” ಎಂದು ಗಿರಿಜಕ್ಕ ಬೆಳಿಗ್ಗೆ ಕೇಳಿದರೆ, ಗಂಟಲಲ್ಲಿ ಇಳಿಯದ ಕುಚ್ಚಲಕ್ಕಿ ಗಂಜಿಯನ್ನು ಎದುರಿಗಿಟ್ಟುಕೊಂಡು “ಆತ್ರಿ” ಎನ್ನುತ್ತಿದ್ದೆ.

ಮಾತು ಬಾರದ ಊರಿನಲ್ಲಿ ನನಗೆ ಜೊತೆಯಾದದ್ದು ಅಪ್ಪ ಕೊಟ್ಟಿದ್ದ ಡಬ್ಬಿ ಕ್ಯಾಮೆರಾ. ಅದನ್ನು ಹೊಟ್ಟೆಗೆ ಆನಿಸಿ ಹಿಡಿದು, ಮೇಲಿನ ಗಾಜಿನಲ್ಲಿ ಬಗ್ಗಿ ನೋಡಬೇಕು. ಎದುರಿನವರಿಗೆ ನಾನು ಸೆರಗು ಸರಿಮಾಡಿಕೊಳ್ಳುತ್ತಿದ್ದೇನೆ ಎಂದೇ ಅನಿಸುತ್ತಿತ್ತು.

ಎರಡನೆಯ ವರ್ಷ ಮಳೆ ಬಿಟ್ಟ ಮೇಲೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಡ್ರಾಯಿಂಗ್ ಮಾಸ್ತರರೆಲ್ಲ ಸೇರಿ ಹೊಳೆದಂಡೆಯಲ್ಲಿ ಚಿತ್ರಗಳ ಪ್ರದರ್ಶನ ಮಾಡಿದರು. ಗಾಳಿಮರಗಳ ನಡುವೆ ಬಲೆಯ ಹಗ್ಗ ಬಿಗಿದು ಚಿತ್ರಗಳನ್ನು ತೂಗುಹಾಕಿದ್ದರು. ಗದಗಿನಲ್ಲಿ ಚಿತ್ರವೆಂದರೆ ದೇವರ ಪಟ, ಇಲ್ಲವೇ ಕ್ಯಾಲೆಂಡರು. ಇಲ್ಲಿ ಪೇಟೆಗೆ ಬಂದವರೆಲ್ಲ ಚೀಲ ಹಿಡಿದುಕೊಂಡೇ ಚಿತ್ರ ನೋಡುತ್ತಿದ್ದರು. ಮೀನು ಮಾರುವ ಹೆಂಗಸೊಬ್ಬಳು ತಲೆಯ ಮೇಲಿನ ಬುಟ್ಟಿಯಿಂದಾಗಿ ಕತ್ತು ಬಗ್ಗಿಸಲಾಗದೆ, ಕೆಳಗೆ ಕಟ್ಟಿದ್ದ ಚಿತ್ರವನ್ನು ಮಂಡಿ ಮಡಚಿ ಕುಕ್ಕರುಗಾಲಿನಲ್ಲಿ ನೋಡಿದಳು. ನಾನು ಚಿತ್ರಗಳಿಗೆ ಬೆನ್ನು ಹಾಕಿ, ನೋಡುವವರ ಫೋಟೋ ತೆಗೆಯುತ್ತ ಹೋದೆ. ಈ ಊರಿಗೆ ಬಂದ ಮೇಲೆ ಮೊದಲ ಸಲ ಜನರ ನಡುವೆ ನೆಮ್ಮದಿಯಾಗಿದ್ದೆ.

ನನ್ನ ಜೊತೆ ಬಂದಿದ್ದ ಗಿರಿಜಕ್ಕ ಒಂದು ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಸಮುದ್ರದ ದಂಡೆ, ತೆಂಗಿನ ತೋಟ, ಒಂದು ಬಾವಿ. ಅವರ ಹಿಂದೆ ನಿಂತು ಆ ನೋಟವನ್ನೂ ತೆಗೆದೆ.

ಸ್ಟುಡಿಯೋದವರು ತೊಳೆದುಕೊಟ್ಟ ಫೋಟೋಗಳನ್ನು ತಂದು ಗಿರಿಜಕ್ಕನಿಗೆ ತೋರಿಸಿದೆ. ಮೀನಿನವಳನ್ನು ಕಂಡು ಬಿದ್ದುಬಿದ್ದು ನಕ್ಕವರು, ತಮ್ಮ ಫೋಟೋ ಬಂದದ್ದೇ ಅದನ್ನು ಬೆಳಕಿಗೆ ಹಿಡಿದರು. ಅದರಲ್ಲಿ ಅವರ ಮುಖವಿಲ್ಲ, ಹಿಂದಲೆ ಮಾತ್ರ. ಮಗ್ಗುಲಲ್ಲಿ ಒಂದು ಮಾರು ದೂರದಲ್ಲಿ ಇನ್ನೊಬ್ಬ ಹೆಂಗಸು. ಆಕೆ ಚಿತ್ರ ನೋಡುತ್ತಿರಲಿಲ್ಲ; ಗಿರಿಜಕ್ಕನ ಮುಖವನ್ನೇ ನೋಡುತ್ತಿದ್ದಳು.

“ಇದ್ ನನ್ ತಂಗಿ, ಸುಶೀಲ,” ಎಂದರು ಗಿರಿಜಕ್ಕ. “ಬಂದದ್ದೇ ನಂಗ್ ಗೊತ್ತಿಲ್ಲ.”

ಮೆಲ್ಲಗೆ ವಿಷಯ ಹೊರಬಂತು. ಗಿರಿಜಕ್ಕ ನೋಡುತ್ತಿದ್ದ ಚಿತ್ರದಲ್ಲಿದ್ದದ್ದು ಮರವಂತೆಯ ಅವರ ತಾಯಿಯ ತೋಟ, ಯಾರೋ ಮಾಸ್ತರರು ಹಿಂದೆಂದೋ ಬರೆದದ್ದು. ಇವರಲ್ಲಿ ಆಸ್ತಿ ಹೆಣ್ಣುಮಕ್ಕಳಿಗೆ ಬರುತ್ತದೆ. ಹಾಗಾಗಿ ಜಗಳವೂ ಅವರಿಗೇ ಬರುತ್ತದೆ. ಬಾವಿ ಯಾರ ಪಾಲಿಗೆ ಎಂಬಲ್ಲಿ ಅಕ್ಕತಂಗಿಯರ ಮಾತು ನಿಂತಿತು. ಆಮೇಲೆ ಸಮುದ್ರ ಕೊರೆದು ಕೊರೆದು ಬಾವಿಯನ್ನೂ ತೋಟವನ್ನೂ ತೆಗೆದುಕೊಂಡು ಹೋಯಿತು. ಮಾತು ಮಾತ್ರ ನಿಂತಲ್ಲೇ ಇತ್ತು.

ಮರುದಿನ ಭಾನುವಾರ. “ಟೀಚರೇ, ಮರವಂತೆಗ್ ಹೋಪ. ನೀವೂ ಬನ್ನಿ. ಒಬ್ಳೇ ಹೋಪುಕೆ ಧೈರ್ಯ ಸಾಲುದಿಲ್ಲ,” ಎಂದರು.

ಒಂದು ಬದಿ ಸಮುದ್ರ, ಒಂದು ಬದಿ ಹೊಳೆ. ನಡುವೆ ಬಸ್ಸು ಹೋಗುವಷ್ಟೇ ನೆಲ. ಬಯಲುಸೀಮೆಯ ನನಗೆ ಜೀವ ಬಾಯಿಗೆ ಬಂದಿತ್ತು. ಗಿರಿಜಕ್ಕನಿಗೆ ಅದಾವುದರ ಪರಿವೆಯೂ ಇರಲಿಲ್ಲ.

ಬಾಗಿಲು ತೆರೆದ ಸುಶೀಲಕ್ಕ ಹೊಸ್ತಿಲಲ್ಲೇ ನಿಂತರು. ಗಿರಿಜಕ್ಕ ಫೋಟೋ ಚಾಚಿದರು.

“ಅಷ್ಟ್ ಹತ್ರ ನಿಂತ್ಕಂಡ್ ಒಂದ್ ಮಾತ್ ಆಡ್ಲಿಲ್ಯಲೆ ನೀನ್?”

ಸುಶೀಲಕ್ಕ ಫೋಟೋವನ್ನು ನೋಡಿದರು. “ನೀ ಮರ್ಕ್ತಿದ್ದೆ ಅಕ್ಕ. ಹ್ಯಾಂಗ್ ಮಾತಾಡ್ಸುದ್?”

ಮರ್ಕುವುದೆಂದರೆ ಇಲ್ಲಿ ಅಳುವುದು. ಹಿಂದೆಯೇ ನಿಂತು ಫೋಟೋ ತೆಗೆದ ನನಗೂ ಅವರು ಅತ್ತದ್ದು ತಿಳಿದಿರಲಿಲ್ಲ. ಗಿರಿಜಕ್ಕ ಅಲ್ಲೇ ಜಗಲಿಯ ಅಂಚಿನಲ್ಲಿ ಕುಳಿತುಬಿಟ್ಟರು. ತಂಗಿ ಒಳಗೆ ಹೋಗಿ ಬೆಲ್ಲ, ನೀರು ತಂದಿಟ್ಟು, ಅವರ ಪಕ್ಕದಲ್ಲೇ ಕುಳಿತರು.

ಸಂಜೆ ಮೂವರೂ ದಂಡೆಗೆ ಹೋದೆವು. ತೋಟವಿದ್ದ ಕಡೆ ಅಲೆ ಒಡೆಯುತ್ತಿತ್ತು. “ಬಾವಿ ಅಲ್ಲಿ ಇದ್ದಿತ್,” ಎಂದು ಗಿರಿಜಕ್ಕ ನೀರಿನತ್ತ ಕೈ ತೋರಿಸಿದರು. “ಅಲ್ಲಲ್ಲ, ಇತ್ಲಾಗೆ. ನಿಂಗ್ ಮೊದ್ಲಿಂದ್ಲೂ ನೆನಪಿಲ್ಲೆ,” ಎಂದು ತಂಗಿ ಬೇರೆ ಕಡೆ ತೋರಿಸಿದರು. ಮತ್ತೆ ಜಗಳವೇನೋ ಎಂದು ನಾನು ಹೆದರಿದೆ. ಇಬ್ಬರೂ ನಗುತ್ತಿದ್ದರು.

ಆಗ ಸುಶೀಲಕ್ಕ ನನ್ನತ್ತ ತಿರುಗಿ, “ಟೀಚರ್‌ದ್ ಊರ್ ಯಾವ್ದ್?” ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಗಿರಿಜಕ್ಕ, “ಕುಂದಾಪ್ರ. ನಮ್ಮನೆದೇ,” ಎಂದರು.

ಎದೆ ತುಂಬಿ ಬಂತು. ಅದರ ಹಿಂದೆಯೇ, ದೂರದ ಗದಗಿನಲ್ಲಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುವ ಅವ್ವ ಈ ಮಾತು ಕೇಳಿಸಿಕೊಂಡು ಕೈ ನಿಲ್ಲಿಸಿದಳೇನೋ ಎಂದು ಸಂಕಟವೂ ಆಯಿತು. ಅವಸರದಿಂದ ತಿದ್ದಿದೆ:

“ಅಲ್ಲ ಮರಾಯ್ರೆ, ನನ್ ಊರ್ ಗದಗ್.”

ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಯಾಕೆಂದು ನನಗೆ ಹೊಳೆದದ್ದು ತುಸು ತಡವಾಗಿ. ಗದಗಿನವಳೆಂದು ನಾನು ಹೇಳಿಕೊಂಡದ್ದು ಅವರ ಮಾತಿನಲ್ಲೇ.