ನಾನು ಅಳೆಯದ ಜ್ವರ

ಯಾರ ಹೊಟ್ಟೆ ಮುಟ್ಟಬೇಕಾದರೂ ಅಕ್ಕ ಮೊದಲು ತಮ್ಮ ಎರಡೂ ಅಂಗೈಗಳನ್ನು ಕಿಟಕಿ ಕೆಳಗೆ ಕೋಣೆ ಕಾಯಿಸುವ ರೇಡಿಯೇಟರಿನ ಮೇಲಿಟ್ಟು ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ದಿನಕ್ಕೆ ನೂರು ಸಲ ತೊಳೆದು ತೊಳೆದು ಬೆರಳ ಗೆಣ್ಣುಗಳ ಚರ್ಮ ಒಡೆದಿರುತ್ತಿತ್ತು. ನೆದರ್ಲ್ಯಾಂಡ್ಸಿನ ವೆಲ್ಡ್‌ಹೋವನ್‌ನ ವೃದ್ಧರ ಶುಶ್ರೂಷಾಗೃಹದಲ್ಲಿ ಅವರು ನಮ್ಮ ಮಹಡಿಯ ಹಿರಿಯ ನರ್ಸ್, ನನ್ನ ಬಾಯಲ್ಲಿ ಅಕ್ಕ. ಧಾರವಾಡ ಬಿಟ್ಟು ಮೂವತ್ತು ವರ್ಷವಾದರೂ ಧಾರವಾಡ ಅವರ ನಾಲಿಗೆ ಬಿಟ್ಟಿರಲಿಲ್ಲ. ನಾನು ಮೈಸೂರಿನಲ್ಲಿ ನರ್ಸಿಂಗ್ ಓದಿ, ಗಂಡನ ಕೆಲಸದ ಹಿಂದೆ ಬಂದವಳು. ಡಚ್ ಪರೀಕ್ಷೆ ಪಾಸು ಮಾಡಿದ್ದೇ ನನಗೊಂದು ಜಂಬ.

ನಮ್ಮಲ್ಲೊಂದು ಚಟವಿತ್ತು. ಅಜ್ಜನೋ ಅಜ್ಜಿಯೋ ಮಂಕಾದರೆ, ಸಿಡುಕಿದರೆ, ಮೂತ್ರದಲ್ಲಿ ಸೋಂಕು ಪರೀಕ್ಷೆಯ ಪಟ್ಟಿ ಅದ್ದುವುದು. ಬಣ್ಣ ತಿರುಗಿದರೆ ಡಾಕ್ಟರಿಗೆ ಫೋನು, ಸಂಜೆಯೊಳಗೆ ಆಂಟಿಬಯಾಟಿಕ್. ಅಕ್ಕ ಆ ಪಟ್ಟಿಗಳ ಡಬ್ಬಿಯನ್ನೇ ಎತ್ತಿ ತಮ್ಮ ಮೇಜಿನ ಡ್ರಾಯರಿಗೆ ಹಾಕಿಕೊಂಡರು.

“ವಯಸ್ಸಾದವ್ರ ಮೂತ್ರದಾಗ ಕ್ರಿಮಿ ಇರತಾವವ್ವಾ, ಅದಕ್ಕೆಲ್ಲಾ ರೋಗ ಅನಬ್ಯಾಡ. ಜ್ವರ ನೋಡು, ಉರಿ ಐತೇನ್ ಕೇಳು, ನೀರು ಕುಡದಾರೇನು, ಸಂಡಾಸ ಆಗೇತೇನು ನೋಡು. ಸುಮ್ಮಸುಮ್ಮನ ಗುಳಿಗಿ ಕೊಟ್ರ, ಖರೇನ ಬ್ಯಾನಿ ಬಂದಾಗ ಅದು ನಾಟೂದಿಲ್ಲ” ಎನ್ನುತ್ತಿದ್ದರು.

ಒಂದು ಭಾನುವಾರ ಅಕ್ಕನಿಗೆ ರಜೆ, ಮಹಡಿ ನನ್ನ ಕೈಯಲ್ಲಿತ್ತು. ಹಿಂದೆ ರೈಲು ಓಡಿಸುತ್ತಿದ್ದ ಅಜ್ಜರೊಬ್ಬರು ಬೆಳಗಿನಿಂದ ತಟ್ಟೆ ತಳ್ಳಿ ಕೂಗಾಡುತ್ತಿದ್ದರು. ಅವರ ಮಗಳು ನನ್ನ ಬೆನ್ನು ಬಿಡಲಿಲ್ಲ. “ಹೋದ ಸಲ ಮಾತ್ರೆ ಕೊಟ್ಟ ಮೇಲೇ ಸರಿಹೋದರು. ಏನಾದರೂ ಮಾಡಿ” ಎಂದಳು. ನಾನು ಡ್ರಾಯರ್ ತೆಗೆದೆ, ಪಟ್ಟಿ ಅದ್ದಿದೆ. ಬಣ್ಣ ತಿರುಗಿತು. ಫೋನಿನಲ್ಲಿ ಡಾಕ್ಟರ್ ಜ್ವರವಿದೆಯೇ ಎಂದು ಕೇಳಿದರು. ಇದೆ ಎಂದೆ. ಥರ್ಮಾಮೀಟರ್ ಮುಟ್ಟಿಯೇ ಇರಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ನನ್ನದು ಆತುರವಷ್ಟೇ ಅಲ್ಲ, ಸುಳ್ಳು.

ಬುಧವಾರ ಬಂದ ಅಕ್ಕ ಅಜ್ಜರ ಬಾಯಿ ತೆರೆಸಿ ನೋಡಿದರು. ಹಲ್ಲುಸೆಟ್ಟು ಒತ್ತಿ ವಸಡು ಹುಣ್ಣಾಗಿತ್ತು. ಊಟ ತಳ್ಳಿದ್ದು ಆ ನೋವಿಗೆ. ಅಷ್ಟರಲ್ಲಿ ನಾನು ಶುರುಮಾಡಿಸಿದ ಮಾತ್ರೆಯಿಂದ ಭೇದಿ ಹಿಡಿದಿತ್ತು. ಮಾತ್ರೆ ನಿಲ್ಲಿಸಿದರೂ ಭೇದಿ ನಿಲ್ಲಲಿಲ್ಲ. ಎರಡು ವಾರದಲ್ಲಿ ಅಜ್ಜ ತೀರಿಕೊಂಡರು.

ಅಕ್ಕ ಆ ಭಾನುವಾರದ ದಾಖಲೆ ತೆಗೆದು, ಜ್ವರದ ಖಾಲಿ ಜಾಗದ ಮೇಲೆ ಬೆರಳಿಟ್ಟರು. “ಎಷ್ಟಿತ್ತು?”

ನನ್ನ ಮುಖದಲ್ಲೇ ಉತ್ತರ ಓದಿಕೊಂಡು, ಅವರು ದಾಖಲೆ ಮುಚ್ಚಿ, “ಹೋಗು, ಕೆಲ್ಸ ನೋಡು” ಎಂದರು. ಬೈದಿದ್ದರೆ ಹಗುರಾಗುತ್ತಿದ್ದೆ. ಮುಂದಿನ ತಿಂಗಳು ಮತ್ತೆ ನನಗೇ ಮಹಡಿ ಒಪ್ಪಿಸಿದರು. “ಈಗ ಎಲ್ಲಾರಕಿಂತ ನೀನ ಹುಷಾರಿರತಿ” ಎಂದರು.

ಹೋದ ಚಳಿಗಾಲ ಅಕ್ಕ ಹೃದಯಾಘಾತದಿಂದ ಹೋಗಿಬಿಟ್ಟರು. ಚಿತಾಗಾರದಲ್ಲಿ ಕೊನೆಯ ದರ್ಶನಕ್ಕೆ ಸಾಲು ನಿಂತಿದ್ದಾಗ, ಆ ಅಜ್ಜರ ಮಗಳು ನನ್ನ ಪಕ್ಕಕ್ಕೆ ಬಂದಳು.

“ಆ ಭಾನುವಾರ ಮನೆಯಿಂದ ಫೋನ್ ಮಾಡಿ ನಿಮ್ಮ ಕೈಲಿ ಅಪ್ಪನಿಗೆ ಮಾತ್ರೆ ಕೊಡಿಸಿದ್ದಾಗಿ ಇವರೇ ನನಗೆ ಹೇಳಿದ್ದರು. ಅದೇ ಸಿಟ್ಟಿಗೆ ಎರಡು ವರ್ಷ ಇವರ ಮುಖ ನೋಡಲಿಲ್ಲ ನಾನು” ಎಂದಳು.

ಅಕ್ಕ ಆವತ್ತು ಫೋನೇ ಮಾಡಿರಲಿಲ್ಲ.

ಹಾಗೆಂದು ಹೇಳಿದೆ. ಡಾಕ್ಟರಿಗೆ ಜ್ವರವಿದೆ ಎಂದದ್ದು ನಾನು, ಅಳೆದೇ ಇರಲಿಲ್ಲ ಎಂದೂ ಹೇಳಿದೆ. ಆಕೆ ಸಾಲು ಬಿಟ್ಟು, ನನ್ನನ್ನು ದಾಟಿ, ಅಕ್ಕನ ಪೆಟ್ಟಿಗೆಯ ಬಳಿ ಹೋಗಿ ನಿಂತು ಅತ್ತಳು.