ತಿತಿಮತಿಯ ಹೆರಿಗೆಮನೆಯಲ್ಲಿ ಎರಡು ಗುಂಡು

ಹುಣಸೂರಿನಿಂದ ಬೆಳಗಿನ ಬಸ್ಸು ಹೊರಟಾಗ ನನ್ನ ಹೆಗಲಿಗೆ ಒಂದು ಚೀಲ, ಮಡಿಲಲ್ಲಿ ಕೋಡುಬಳೆ ಡಬ್ಬಿ, ತಲೆಯಲ್ಲಿ ನಮ್ಮ ಮಹಿಳಾ ಸಮಾಜದವರು ತುಂಬಿ ಕಳಿಸಿದ ಪ್ರಶ್ನೆಗಳು. ಕೊಡಗು ರಾಜ್ಯದ ತಿತಿಮತಿಯಲ್ಲಿ ಊರಿನವರೇ ಸೇರಿ ಹೆರಿಗೆಮನೆಯೊಂದನ್ನು ನಡೆಸುತ್ತಿದ್ದಾರೆ, ಸರ್ಕಾರವನ್ನು ಕಾಯದೆ, ಎಂದು ಯಾರೋ ಹೇಳಿದ್ದರು. ನಮ್ಮ ಊರಿನಲ್ಲೂ ಅಂಥದ್ದೊಂದು ಬೇಕೆಂದು ನಾವು ವರ್ಷದಿಂದ ಸಭೆ ಸೇರುತ್ತಿದ್ದೆವು. ಕಟ್ಟಡಕ್ಕೆ ಜಾಗವಿಲ್ಲ, ದಾದಿಯಿಲ್ಲ, ಆದರೆ ಕಿಟಕಿಯ ಪರದೆಗೆ ಯಾವ ಬಣ್ಣ ಎಂಬುದು ಮಾತ್ರ ತೀರ್ಮಾನವಾಗಿತ್ತು. ಹೊಟ್ಟೆಗಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುತ್ತಾರಲ್ಲ, ಹಾಗೆ. ಹೊರಡುವಾಗ ಅಧ್ಯಕ್ಷೆಯವರು ನನ್ನನ್ನು ಪಕ್ಕಕ್ಕೆ ಕರೆದು, "ಅಲ್ಲಿ ಎಲ್ಲ ಜಾತಿಯವರನ್ನೂ ಒಂದೇ ಕೋಣೆಯಲ್ಲಿ ಮಲಗಿಸ್ತಾರಾ, ಬೇರೆ ಕೋಣೆ ಇದೆಯಾ, ಅದನ್ನ ಸರಿಯಾಗಿ ನೋಡ್ಕೊಂಡು ಬಾ" ಎಂದಿದ್ದರು.

ಆನೆಚೌಕೂರಿನ ಗಡಿಯಲ್ಲಿ ಬಸ್ಸು ನಿಂತಿತು. ಪೋಲೀಸಿನವನು ನನ್ನ ಡಬ್ಬಿ ತೆಗೆಸಿ, ಕೋಡುಬಳೆಯನ್ನು ಮೂಸಿ, ಎರಡು ತೆಗೆದುಕೊಂಡು, "ಇದು ಪರವಾಗಿಲ್ಲ" ಎಂದು ಅಪ್ಪಣೆ ಕೊಟ್ಟ. ಆಮೇಲೆ ಕಾಡು. ದಾರಿಯಲ್ಲಿ ಹಬೆಯಾಡುವ ಆನೆಯ ಲದ್ದಿ ಕಂಡಿತು, ಆನೆ ಕಾಣಲಿಲ್ಲ. ನನಗೇನೂ ಬೇಸರವಾಗಲಿಲ್ಲ. ಚಳಿಗಾಲದ ಮಂಜು ಹತ್ತು ಗಂಟೆಯಾದರೂ ಮರ ಬಿಟ್ಟು ಇಳಿದಿರಲಿಲ್ಲ.

ತಿತಿಮತಿಯಲ್ಲಿ ಇಳಿದವಳು ಮೊದಲು ಹೋದದ್ದು ಮಮ್ಮದ್ ಕಾಕನ ಚಹಾ ಅಂಗಡಿಗೆ. ಮಲಬಾರಿನಿಂದ ಬಂದು ನೆಲೆಸಿದ ಆಸಾಮಿ, ಬಿಳಿ ಗಡ್ಡ, ಮಾತಿಗೆ ಬಿಡುವಿಲ್ಲ. ಹೆರಿಗೆಮನೆ ಎಲ್ಲಿ ಎಂದು ಕೇಳಿದ್ದೇ ತಡ, ಚಹಾ ಎತ್ತಿ ಸುರಿಯುತ್ತಲೇ ಶುರುಮಾಡಿದ.

"ಪಾಲಿಬೆಟ್ಟದ ರೋಡಲ್ಲಿ ಒಂದು ಮೈಲು ನಡೀಬೇಕು ಅಮ್ಮಾ. ಜಾಗ ತೋಟದ ಸಾವ್ಕಾರ್ರು ಕಾವೇರಪ್ಪ ಅವರದ್ದು, ಹಳೇ ಕಾಫಿ ಸ್ಟೋರು. ಗೋಡೆ ಮೆತ್ತಿದ್ದು ತೋಟದ ಕೂಲಿ ಲೈನಿನ ತಮಿಳರು, ಭಾನುವಾರ ಭಾನುವಾರ ಬಂದು. ಹಂಚು ನಂದು. ಬಿದಿರು ಕಾಡಿನ ಎರವರ ಹಾಡಿಯಿಂದ. ಗದ್ದೆ ಮಾಡೋ ಗೌಡ್ರು ಮನೆಗೆ ಒಂದು ಸೇರು ಅಕ್ಕಿ. ನರ್ಸಮ್ಮನ ಸಂಬಳ ಎಲ್ಲರೂ ಸೇರಿ. ಇಲ್ಲಿ ಮೊದಲು ಹೆಂಗಸರು ವಿರಾಜಪೇಟೆಗೆ ಹೋಗೋ ದಾರಿಯಲ್ಲೇ ಸಾಯ್ತಾ ಇದ್ದದ್ದು. ಶ್ರೀಮಂತರ ಹೆಂಗಸರಿಗೆ ಕಾರು ಉಂಟು. ಉಳಿದವರಿಗೆ ಎಂತ ಉಂಟು?"

ಹತ್ತು ಜನರ ಕಡ್ಡಿ ಒಬ್ಬರ ತಲೆಹೊರೆ ಎಂಬ ಗಾದೆಗೆ ಹಂಚು ಹೊದಿಸಿದರೆ ಹೇಗಿರುತ್ತದೆಂದು ನೋಡಲು ನನಗೆ ಆತುರವಾಯಿತು. ಏಳುವಾಗ ಕಾಕ ಇನ್ನೊಂದು ಮಾತು ಹೇಳಿದ. ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ, ಯಾರಾದರೂ ಸತ್ತರೆ ಎರಡು. ಹೆರಿಗೆಮನೆ ಶುರುವಾದಾಗ ಲೈನಿನ ಹೆಂಗಸೊಬ್ಬಳು, ನಮ್ಮ ಮಕ್ಕಳಿಗೆ ಯಾಕಿಲ್ಲ ಗುಂಡು, ಎಂದು ತುಂಬಿದ ಸಭೆಯಲ್ಲಿ ಕೇಳಿಬಿಟ್ಟಳಂತೆ. ಕಾವೇರಪ್ಪನವರು ಮೀಸೆ ಸವರಿಕೊಂಡು ಯೋಚಿಸಿ, "ಆಯ್ತು. ಯಾರ ಮಗುವಾಗ್ಲಿ, ಗಂಡಾಗ್ಲಿ ಹೆಣ್ಣಾಗ್ಲಿ, ನನ್ನ ಕೋವಿಯಿಂದ ಒಂದು ಗುಂಡು" ಎಂದು ಮಾತು ಕೊಟ್ಟರಂತೆ.

ಹೆರಿಗೆಮನೆ ನಾನು ಊಹಿಸಿದ್ದಕ್ಕಿಂತ ಚಿಕ್ಕದು. ಸುಣ್ಣ ಬಳಿದ ಒಂದು ಉದ್ದನೆಯ ಕೋಣೆ, ಸಾಲಾಗಿ ನಾಲ್ಕು ಮಂಚ, ಹೊರಗೆ ಜಗಲಿ, ಜಗಲಿಯಲ್ಲಿ ಬಿದಿರಿನ ಬೆಂಚು. ಬೇರೆ ಕೋಣೆಯನ್ನು ಹುಡುಕಿಕೊಂಡು ಹಿತ್ತಲಿಗೆ ಹೋದೆ, ಅಲ್ಲಿ ನೀರೊಲೆ ಇತ್ತು. ಮಂಗಳೂರಿನ ಕಡೆಯ ನರ್ಸು ಸೆಲಿನ್ ಬಾಯಿ ನನ್ನನ್ನು ನೋಡಿ, "ಎಂತ ಹುಡುಕುದು? ಇರುದು ಒಂದೇ ಕೋಣೆ. ಮೊದಲು ಬಂದವಳಿಗೆ ಮೊದಲ ಮಂಚ" ಎಂದರು. ನಾಚಿಕೆಯಾಯಿತು. ಕೋಡುಬಳೆ ಮುಂದಿಟ್ಟು ಗೆಳೆತನ ಮಾಡಿಕೊಂಡೆ.

ಮಧ್ಯಾಹ್ನದ ಊಟ ಕಾವೇರಪ್ಪನವರ ಮನೆಯಿಂದ ಬಂತು. ಕಡಂಬುಟ್ಟು ಎಂಬ ಬಿಸಿ ಅಕ್ಕಿಯುಂಡೆ, ಕುಂಬಳಕಾಯಿ ಪಲ್ಯ, ತೋಟದ ಕಿತ್ತಳೆ. ಕಾವೇರಪ್ಪನವರೂ ಜೊತೆಯಲ್ಲೇ ಬಂದರು. ಎಪ್ಪತ್ತರ ಹತ್ತಿರದ ನೆಟ್ಟನೆಯ ಮುದುಕರು. "ನಮ್ಮ ಹಂದಿಮಾಂಸದ ಪಂದಿಕರಿ ತಿನ್ನದವರಿಗೆ ಕೊಡಗಿನಲ್ಲಿ ಉಪವಾಸವೇ. ಏನೋ, ನಿಮಗಾಗಿ ಕುಂಬಳಕಾಯಿ ಬೇಟೆ ಆಡಿದ್ದು ನಾವು" ಎಂದು ನಕ್ಕರು. ನಾನು ಆರು ಕಡಂಬುಟ್ಟು ತಿಂದೆ. ಅವರು ಎಣಿಸಿದರೆಂದು ಆಮೇಲೆ ಗೊತ್ತಾಯಿತು.

ಸಂಜೆಯ ಹೊತ್ತಿಗೆ ಬಿದಿರಿನ ಡೋಲಿಯೊಂದು ಬಂತು. ಕಾಡಂಚಿನ ಹಾಡಿಯಿಂದ ಎರವರು ಹೊತ್ತು ತಂದಿದ್ದರು. ತೋಟದ ಗೇಟಿನಿಂದ ಲೈನಿನ ಆಳುಗಳು ಹೆಗಲು ಬದಲಾಯಿಸಿದ್ದರು. ಒಳಗೆ ಪಾಲಿ ಎಂಬ ಹುಡುಗಿ, ಚೊಚ್ಚಲು, ಹಲ್ಲು ಕಚ್ಚಿಕೊಂಡು ಮಲಗಿದ್ದಳು. ಸೆಲಿನ್ ಬಾಯಿ ಆಕೆಯನ್ನು ಮಂಚಕ್ಕೆ ಸೇರಿಸಿ ಹೊರಬಂದು ನನ್ನ ಕಿವಿಯಲ್ಲಿ, "ಹಾಡಿಯಿಂದ ಬಂದವರಲ್ಲಿ ಇವಳೇ ಮೊದಲು. ಇವಳಿಗೆ ಏನಾದ್ರೂ ಆದ್ರೆ ಅಲ್ಲಿಂದ ಇನ್ನೊಬ್ಬಳು ಈ ಬಾಗಿಲಿಗೆ ಬರುದಿಲ್ಲ" ಎಂದರು. ಆಕೆಯ ಮುಖದಲ್ಲಿ ನಗುವಿರಲಿಲ್ಲ.

ಪಾಲಿಯ ಗಂಡ ಬೋಳ ಜಗಲಿ ಹತ್ತದೆ ಅಂಗಳದಲ್ಲೇ ನಿಂತಿದ್ದ. ಕಾವೇರಪ್ಪನವರು ಬೆಂಚು ತಟ್ಟಿ ಕರೆದರು. "ಇಲ್ಲೇ ನಿಂತ್ಕೋತೀನಿ ಸಾವ್ಕಾರ್ರೆ" ಎಂದ. "ಈ ಬೆಂಚಿನ ಬಿದಿರು ಕಡಿದು ತಂದದ್ದು ಯಾರು? ನೀನು. ನಿನ್ನ ಬಿದಿರಿನ ಮೇಲೆ ನಾನು ಕೂತಿದ್ದೇನೆ, ನೀನು ನಿಂತಿದ್ದೀಯ. ಕೂತ್ಕೋ ಮಾರಾಯ!" ಬೋಳ ಬಂದು ಬೆಂಚಿನ ತುದಿಯಲ್ಲಿ ಕೂತ. ಬೀಳುವುದಕ್ಕೆ ಇನ್ನು ನಾಲ್ಕು ಬೆರಳು ಜಾಗ ಇತ್ತು ಅಷ್ಟೆ.

ಬೆಳಗಾದರೂ ಹೆರಿಗೆಯಾಗಲಿಲ್ಲ. ಪಾಲಿ ಹೆದರಿ ಮೈ ಬಿಗಿಹಿಡಿದಿದ್ದಳು, ಹಾಡಿಯ ಸೂಲಗಿತ್ತಿ ಚೋಮಿ ಅಜ್ಜಿ ಬೇಕೆಂದು ಒಂದೇ ಸಮನೆ ಕೇಳುತ್ತಿದ್ದಳು. ಸೆಲಿನ್ ಬಾಯಿ ಸ್ವಲ್ಪವೂ ಮುಖ ಗಂಟಿಕ್ಕಲಿಲ್ಲ. "ಕರೆಸುವ. ಕೈ ನಂದು, ಧೈರ್ಯ ಅಜ್ಜಿದು" ಎಂದರು. ಅಜ್ಜಿಗೆ ಮಾತ್ರ ಹೆರಿಗೆಮನೆ ಎಂದರೆ ಕೋಪ. ತನ್ನನ್ನು ಕೇಳದೆ ಕಟ್ಟಿದರು ಎಂದು. ಬೋಳ ಕರೆದರೆ ಬರುವವಳಲ್ಲ, ಹೊರಗಿನಿಂದ ಬಂದ ಹೆಂಗಸೊಬ್ಬಳು ಎಲೆಯಡಿಕೆ ಹಿಡಿದು ಮರ್ಯಾದೆಯಿಂದ ಕರೆಯಬೇಕು ಎಂದು ಕಾವೇರಪ್ಪನವರು ತೀರ್ಪು ಕೊಟ್ಟರು. ಎಲ್ಲರೂ ನನ್ನತ್ತ ನೋಡಿದರು.

ಬೋಳನ ಹಿಂದೆ ಹಾಡಿಗೆ ನಡೆದೆ. ತೋಟದಲ್ಲಿ ಕಾಫಿ ಪಿಕ್ಕಿಂಗ್ ನಡೆದಿತ್ತು, ಹೆಂಗಸರ ಸೊಂಟದ ಚೀಲಗಳಲ್ಲಿ ಕೆಂಪು ಹಣ್ಣು. ಚೋಮಿ ಅಜ್ಜಿ ಗುಡಿಸಲಿನ ಮುಂದೆ ಬಿಸಿಲು ಕಾಯಿಸುತ್ತಿದ್ದಳು. ನಾನು ಎಲೆಯಡಿಕೆ ಚಾಚಿ, "ಅಜ್ಜಿ, ನೀವು ಬರದೆ ಆಗೋದಿಲ್ಲ" ಎಂದೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಈಗ ನೆನಪಾಯ್ತಾ ಚೋಮಿ?" ಎಂದು ಎಲೆ ಬಾಯಿಗೆ ಹಾಕಿಕೊಂಡು ಎದ್ದಳು. ಆ ವಯಸ್ಸಿನಲ್ಲಿ ಆ ನಡಿಗೆ! ನಾನು ಹಿಂದೆ ಓಡಬೇಕಾಯಿತು.

ತೋಟದ ಗೇಟು ದಾಟಿದ್ದೆವು. ಢಮಾರ್ ಎಂದು ಒಂದು ಗುಂಡು ಕೇಳಿತು. ಬೋಳ ತಿರುಗಿ ನನ್ನನ್ನು ನೋಡಿ ನಕ್ಕ. ಆ ನಗು ಮುಗಿಯುವ ಮುಂಚೆ ಇನ್ನೊಂದು.

ಬೋಳ ದಾರಿಯಲ್ಲೇ ಕುಸಿದು ಕೂತ. ತಮಿಳು ಹೆಂಗಸರು ಚೀಲ ಬಿಚ್ಚಿಟ್ಟು ಒಬ್ಬೊಬ್ಬರಾಗಿ ಇಳಿದು ಬಂದರು. ತೋಟದ ಲೆಕ್ಕ ಬರೆಯುವ ರೈಟರು ಟೋಪಿ ತೆಗೆದ. ಹುಡುಗಿಯ ಕಚ್ಚಿದ ಹಲ್ಲು ನನ್ನ ಕಣ್ಣ ಮುಂದೆ ಬಂದು ಅಳು ಉಕ್ಕಿತು, ತಡೆಯಲಾಗಲಿಲ್ಲ. ಚೋಮಿ ಅಜ್ಜಿ ಮಾತ್ರ ಬೋಳನ ರಟ್ಟೆ ಹಿಡಿದೆತ್ತಿದಳು. "ಸತ್ತಿದ್ರೂ ನೋಡ್ಬೇಕಲ್ಲ, ನಡಿ."

ನಡೆದೆವು. ಹಿಂದೆ ಪಿಕ್ಕಿಂಗಿನವರು, ಎದುರಿನಿಂದ ಅಂಗಡಿ ಮುಚ್ಚಿ ಬಂದ ಮಮ್ಮದ್ ಕಾಕ, ಗದ್ದೆಯ ಕೆಸರುಗಾಲಿನಲ್ಲೇ ಗೌಡರ ಮನೆಯವರು. ಯಾರೂ ಯಾರನ್ನೂ ಕರೆದಿರಲಿಲ್ಲ. ಹೆರಿಗೆಮನೆಯ ಅಂಗಳಕ್ಕೆ ನಾವೆಲ್ಲ ತಲೆ ತಗ್ಗಿಸಿ ಕಾಲಿಟ್ಟರೆ, ಕಾವೇರಪ್ಪನವರು ಕೋವಿ ಹಿಡಿದು ಬಾಯಿ ತುಂಬ ನಗುತ್ತ ನಿಂತಿದ್ದರು.

"ಅವಳಿ! ಒಂದು ಗಂಡು, ಒಂದು ಹೆಣ್ಣು!"

ಆಮೇಲೆ ಆದ ಗಲಾಟೆ ನಾಗರಹೊಳೆಯ ಆನೆಗಳಿಗೂ ಕೇಳಿರಬೇಕು. ಕನ್ನಡ, ತಮಿಳು, ಮಲಯಾಳ, ಕೊಡವ ತಕ್ಕ್, ಎಲ್ಲದರಲ್ಲೂ ಬೈಗುಳ. ಸೆಲಿನ್ ಬಾಯಿ ಕಿಟಕಿಯಿಂದ, "ನಾನು ಬೇಡ ಬೇಡ ಅಂತ ಕೂಗಿದೆ, ಕೇಳ್ಬೇಕಲ್ಲ ಈ ಮನುಷ್ಯ!" ಎಂದರು. "ಎರಡು ಗುಂಡು ಅಂದ್ರೆ ಸಾವು ಅಂತ ನಿಮ್ಗೆ ಗೊತ್ತಿಲ್ವಾ, ಕೊಡವರಾಗಿ?" ಎಂದು ಕಾಕ ಹಣೆ ಚಚ್ಚಿಕೊಂಡ.

ಕಾವೇರಪ್ಪನವರ ನಗು ಇಳಿದುಹೋಯಿತು. ತಪ್ಪು ಆಗಷ್ಟೇ ಹೊಳೆದಿತ್ತು. ಆದರೂ ಮೀಸೆ ಬಿಟ್ಟುಕೊಡಲಿಲ್ಲ. "ಮಗುವಿಗೊಂದು ಗುಂಡು ಅಂತ ಮಾತು ಕೊಟ್ಟವನು ನಾನು. ಗಂಡಿಗೆ ಹೊಡೆದು ಹೆಣ್ಣಿಗೆ ಬಿಟ್ರೆ, ಎರವರ ಮಗು ಅಂತ ಬಿಟ್ರು ಅಂತ ನಾಳೆ ನೀವೇ ಹೇಳುದಿಲ್ವಾ?"

ಮೊದಲು ನಕ್ಕವನು ಬೋಳ. ನಗುತ್ತಲೇ ಅತ್ತ. ಅವನನ್ನು ನೋಡಿ ನಾನು ಮತ್ತೊಮ್ಮೆ ಅತ್ತೆ, ಈ ಸಲ ಸಂತೋಷಕ್ಕೆ.

ಚೋಮಿ ಅಜ್ಜಿ ಒಳಗೆ ಹೋಗಿ ಬಾಣಂತಿಯ ತಲೆ ಸವರಿ, ಎರಡು ಕೂಸುಗಳನ್ನೂ ಬಿಚ್ಚಿ ನೋಡಿ ಹೊರಗೆ ಬಂದಳು. "ಹಾಡೀಲೂ ಕೇಳಿರ್ತದೆ ಗುಂಡು. ಪಾಲಿ ಸತ್ಲು ಅಂತ ಅಲ್ಲಿ ಅಳ್ತಾ ಕೂತಿರ್ತಾರೆ. ಇನ್ಯಾರು ಬರ್ತಾರೆ ಇಲ್ಲಿಗೆ?" ಎಂದಳು. ಅಜ್ಜಿ ಕಾವೇರಪ್ಪನವರತ್ತ ಬೆರಳು ಮಾಡಿದಳು. "ಹೊಡ್ದೋನು ನೀನು. ನೀನೇ ಬಂದು ಹೇಳು."

ಅವರು ಅಷ್ಟು ಹತ್ತಿರ ಹುಟ್ಟಿ ಬೆಳೆದವರು, ಹಾಡಿಯೊಳಗೆ ಒಮ್ಮೆಯೂ ಕಾಲಿಟ್ಟವರಲ್ಲವಂತೆ. ಕೋವಿಯನ್ನು ಕಾಕನ ಕೈಗೆ ಕೊಟ್ಟರು, ಒಂದು ಕುಕ್ಕೆ ಕಿತ್ತಳೆಯನ್ನು ತಾವೇ ತಲೆಯ ಮೇಲಿಟ್ಟುಕೊಂಡರು. ಅಜ್ಜಿ ಮುಂದೆ, ಅವರು ಹಿಂದೆ. ತಿರುಗಿ ಬಂದದ್ದು ಕತ್ತಲಾಗುವ ಹೊತ್ತಿಗೆ, ಖಾಲಿ ಕುಕ್ಕೆಯಲ್ಲಿ ಕಾಡುಜೇನಿನ ಸೋರೆಬುರುಡೆಯೊಂದನ್ನು ಇಟ್ಟುಕೊಂಡು. "ಎಲೆ ಮೇಲೆ ಗೆಣಸು ಇಟ್ಟು ಕೊಟ್ರು. ಒಳ್ಳೆ ರುಚಿ" ಎಂದಷ್ಟೇ ಹೇಳಿದರು. ಇನ್ನು ಮುಂದೆ ಅವಳಿಯಾದರೆ ಎರಡನೆಯ ಮಗುವಿಗೆ ತೋಟದ ಗಂಟೆ ಎಂದು ಆ ಸಂಜೆಯೇ ಎಲ್ಲರೂ ಸೇರಿ ಗೊತ್ತುಮಾಡಿದರು.

ಮರುದಿನ ಬೆಳಿಗ್ಗೆ ನಾನು ಹೊರಡುವಾಗ ಮಂಜಿನೊಳಗಿಂದ ಇನ್ನೊಂದು ಡೋಲಿ ಬರುತ್ತಿತ್ತು. ಮುಂದೆ ಚೋಮಿ ಅಜ್ಜಿ. ಹೊತ್ತವರಲ್ಲಿ ಬೋಳ ಒಬ್ಬ. ಡೋಲಿಯಲ್ಲಿದ್ದವಳು ಪಾಲಿಯ ಅಕ್ಕ, ನೋವು ಶುರುವಾಗಿ ಸಾಕಷ್ಟು ಹೊತ್ತಾಗಿತ್ತು. ಅಜ್ಜಿ ನನ್ನನ್ನು ನೋಡಿ ಕೆಂಪು ಬಾಯಿ ಬಿಟ್ಟು ನಕ್ಕು, ನಿಲ್ಲದೆ ನೇರ ಒಳಗೆ ಹೋದಳು, ಮನೆ ತನ್ನದೇ ಎಂಬಂತೆ.

ಬಸ್ಸು ಬರುವುದು ತಡವಾಯಿತು, ಬಂದ ಮೇಲೂ ಡ್ರೈವರು ಕಾಕನ ಅಂಗಡಿಯಲ್ಲಿ ಪುಟ್ಟು ತಿನ್ನುತ್ತ ಕೂತ. ನಾನು ಕಿಟಕಿಯ ಪಕ್ಕ ಕೂತು ಅಧ್ಯಕ್ಷೆಯವರಿಗೆ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಕೋಣೆ ಒಂದೇ. ಪರದೆ ಇಲ್ಲ. ಕಂಡಕ್ಟರು ಶಿಳ್ಳೆ ಬಾಯಿಗಿಟ್ಟಾಗ ಪಾಲಿಬೆಟ್ಟದ ರಸ್ತೆಯ ಕಡೆಯಿಂದ ಗುಂಡಿನ ಸದ್ದು ಕೇಳಿತು.

ಕಂಡಕ್ಟರು ಶಿಳ್ಳೆ ಇಳಿಸಿದ. ಡ್ರೈವರು ಎಂಜಿನ್ ಆರಿಸಿದ. ಬಸ್ಸಿನ ತುಂಬ ಜನ, ಯಾರೂ ಉಸಿರೆತ್ತಲಿಲ್ಲ. ಕಾಕ ಚಹಾದ ಲೋಟ ಎತ್ತಿ ಹಿಡಿದು ಹಾಗೇ ನಿಂತಿದ್ದ. ಎಲ್ಲರೂ ಕಾದೆವು.

ಎರಡನೆಯದು ಬರಲಿಲ್ಲ. ಕಂಡಕ್ಟರು ಜೋರಾಗಿ ಶಿಳ್ಳೆ ಹೊಡೆದ.